ಮಾವನ ಕೊಕ್ಕೆ ಬೂಟು

ಮೊದಲ ಶನಿವಾರ ಬೇಡವೆಂದು ವಾಪಸು ಕಳಿಸಿದ್ದ ಬೂಟನ್ನೇ ಹಾಕಿಕೊಂಡು ಮೂರನೆಯ ಶನಿವಾರ ಮಾವ ಮತ್ತೆ ಬಂದಿಳಿದಾಗ ಮಾರ್ಲಿಸ್‌ಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ ಉಳಿದಿತ್ತು.

ಅವಳು ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಆರ್ಲೊ ಹಾವ್ಲಿಕ್‌ನ ಹಳೆಯ ಪಿಕಪ್ ಜಲ್ಲಿ ರಸ್ತೆಯ ಧೂಳೆಬ್ಬಿಸಿಕೊಂಡು ಬಂದು, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲದ ಕಂಬಕ್ಕೆ ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ ಗಕ್ಕನೆ ನಿಂತಿತು. ಬಾಗಿಲು ತೆರೆದು ಮೊದಲು ಬೂಟು ಕೆಳಗಿಳಿಯಿತು, ಆಮೇಲೆ ಮನುಷ್ಯ. ಮೊಣಕಾಲಿನ ಕೆಳಗಿನವರೆಗೂ ಏರಿದ ಕಂದು ಚರ್ಮದ ಲೈನ್‌ಮನ್ ಬೂಟು. ಕಂಬ ಹತ್ತುವವರಿಗೆಂದೇ ಮಾಡಿದ ಎತ್ತರದ ಹಿಮ್ಮಡಿ, ಲೇಸು ಸಿಕ್ಕಿಸಲು ಎರಡೂ ಬದಿಗೆ ಸಾಲಾಗಿ ಕಬ್ಬಿಣದ ಕೊಕ್ಕೆಗಳು.

"ನೋಡು," ಅಂದಳು ಮಾರ್ಲಿಸ್, ಪಕ್ಕದಲ್ಲಿ ವಿಮಾನದ ಎಣ್ಣೆ ನೋಡುತ್ತಿದ್ದ ಗಂಡನಿಗೆ. "ನಿಮ್ಮಪ್ಪ. ಅದೇ ಬೂಟು."

ಲೊವೆಲ್ ಎಣ್ಣೆಯ ಕಡ್ಡಿ ಒರೆಸುತ್ತಾ ಕತ್ತೆತ್ತಿ ನೋಡಿದ. "ಇರಬಹುದು," ಅಂದ.

ಅದು ಅವನ ಸ್ವಭಾವ. ಹದಿನೈದು ವರ್ಷದಿಂದ ಈ ಪುಟ್ಟ ಮೈದಾನದಿಂದ ಜನರನ್ನು ಆಕಾಶಕ್ಕೆ ಒಯ್ದು, ಖಾಲಿ ವಿಮಾನ ತಂದು ಇಳಿಸುತ್ತಿದ್ದವನು. ಯಾವುದಕ್ಕೂ ಗಡಿಬಿಡಿ ಇಲ್ಲ. ಹಾರುವವರನ್ನು ತಯಾರು ಮಾಡುವುದು, ಬೈಯುವುದು, ಬೇಡ ಅನ್ನುವುದು ಎಲ್ಲ ಹೆಂಡತಿಯ ಪಾಲು.

ನಲವತ್ತೇಳರ ಮಾರ್ಲಿಸ್ ಅಲ್ಲಿನ ಪ್ಯಾರಾಶೂಟ್ ಕ್ಲಬ್ಬಿನ ಮುಖ್ಯ ತರಬೇತುದಾರಳು. ಮೂರು ಸಾವಿರಕ್ಕೂ ಹೆಚ್ಚು ಸಲ ವಿಮಾನದಿಂದ ಹಾರಿದ್ದಳು. ಹೊಸಬರು ಬಂದರೆ ಅವಳು ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದಳು. ಚಪ್ಪಲಿ ಹಾಕಿಕೊಂಡು ಬಂದವರಿದ್ದರು. ಮದುವೆ ಗೊತ್ತಾದ ಖುಷಿಗೆ ಹೀಲ್ಸ್ ಹಾಕಿಕೊಂಡು ಬಂದ ಒಬ್ಬಳಿದ್ದಳು. ಎಲ್ಲರಿಗೂ ಒಂದೇ ಮಾತು: ಚಪ್ಪಟೆ ಅಟ್ಟೆ, ಬಿಗಿಯಾಗಿ ಕಟ್ಟುವ ಲೇಸು, ಕಾಲಿಗೆ ಸರಿಯಾದ ಅಳತೆ, ಕೊಕ್ಕೆ ಗಿಕ್ಕೆ ಏನೂ ಇರಕೂಡದು. ಅಷ್ಟು ಹೇಳಿದ ಮೇಲೂ ವಾದಕ್ಕೆ ನಿಂತವರು ಇಷ್ಟು ವರ್ಷಗಳಲ್ಲಿ ಒಬ್ಬರೇ. ಅವರು ಅವಳ ಮಾವ.

ಆ ಮನುಷ್ಯನಿಗೆ ಎಪ್ಪತ್ಮೂರು ವರ್ಷ. ಮೂವತ್ತನಾಲ್ಕು ವರ್ಷ ಗ್ರಾಮೀಣ ವಿದ್ಯುತ್ ಸಹಕಾರ ಸಂಘದಲ್ಲಿ ಲೈನ್‌ಮನ್ ಆಗಿದ್ದವನು. ಸೊಸೆ ಮನೆಗೆ ಬಂದ ದಿನದಿಂದಲೂ ಭಾನುವಾರದ ಊಟದಲ್ಲಿ ಹಂದಿಮಾಂಸ, ಹುಳಿ ಕೋಸು ಬಡಿಸುವಷ್ಟರಲ್ಲೇ ಶುರುವಾಗುತ್ತಿತ್ತು: "ಚೆನ್ನಾಗಿ ಹಾರ್ತಿರೋ ವಿಮಾನದಿಂದ ಯಾರಾದ್ರೂ ಕೆಳಗೆ ಬೀಳ್ತಾರೇನಮ್ಮ? ಕೆಟ್ಟೋಗಿದ್ರೆ ಸರಿ." ಇಪ್ಪತ್ತೆರಡು ವರ್ಷ ಅದೇ ಮಾತು, ಅದೇ ನಗು. ಹೀಗಿದ್ದ ಮನುಷ್ಯ ಈ ಬೇಸಿಗೆಯಲ್ಲಿ ಇದ್ದಕ್ಕಿದ್ದ ಹಾಗೆ ತಾನೂ ಹಾರುತ್ತೇನೆ ಎಂದಿದ್ದ.

ಅದಕ್ಕೆ ಕಾರಣ ಒಂದು ಏಣಿ. ಚಳಿಗಾಲದಲ್ಲಿ, ಮಂಜು ಹೆಪ್ಪುಗಟ್ಟಿದ ಸೂರಿನ ನೀರು ಹರಿಯುವ ದೋಣಿಯನ್ನು ಬಡಿಗೆಯಿಂದ ಬಡಿಯುತ್ತಾ ಏಣಿಯ ತುದಿಯಲ್ಲಿ ನಿಂತಿದ್ದ ಅಪ್ಪನನ್ನು ಲೊವೆಲ್ ಕಂಡಿದ್ದ. ಅಂದೇ ಏಣಿಯನ್ನು ತನ್ನ ಗಾಡಿಗೆ ಹಾಕಿಕೊಂಡು ಬಂದಿದ್ದ. ಆರ್ಲೊ ಎರಡು ತಿಂಗಳು ಮಗನ ಜೊತೆ ಮಾತು ಬಿಟ್ಟ. ಮೂರನೆಯ ತಿಂಗಳು, "ಹನ್ನೆರಡಡಿ ಏಣಿ ಹತ್ತೋಕೆ ಬಿಡಲ್ಲ ಅಂದ್ರೆ ಮೂರೂವರೆ ಸಾವಿರ ಅಡಿ ಹತ್ತುತೀನಿ. ಅದನ್ನ ಹ್ಯಾಗೆ ತಡೀತೀರೋ ನೋಡೋಣ," ಎಂದು ಘೋಷಿಸಿ, ಮನೆವೈದ್ಯರಿಂದ ಎದೆ, ರಕ್ತದೊತ್ತಡ ಎಲ್ಲ ಸರಿ ಇದೆಯೆಂಬ ಕಾಗದ ತಂದು ಸೊಸೆಯ ಮುಂದಿಟ್ಟ. ಸಕ್ಕರೆ ಕಾಯಿಲೆ ಇದೆ, ಮಾತ್ರೆಯಿಂದ ಹಿಡಿತದಲ್ಲಿದೆ ಎಂದೂ ಅದರಲ್ಲಿ ಬರೆದಿತ್ತು. ತಡೆಯಲು ಅವಳಿಗೆ ಕಾರಣ ಸಿಗಲಿಲ್ಲ.

ಮೊದಲ ಶನಿವಾರ ಐದು ಗಂಟೆಯ ಪಾಠವನ್ನು ಆತ ಶ್ರದ್ಧೆಯಿಂದ ಕೇಳಿದ. ಮೊದಲ ಹಾರಾಟದಲ್ಲಿ ವಿಮಾನಕ್ಕೆ ಬಿಗಿದ ಪಟ್ಟಿಯೇ ಪ್ಯಾರಾಶೂಟನ್ನು ಎಳೆದು ಬಿಚ್ಚುತ್ತದೆ, ಆಮೇಲೆ ತಲೆಯ ಟೊಪ್ಪಿಗೆಯ ರೇಡಿಯೊದಲ್ಲಿ ಕೆಳಗಿನಿಂದ ಹೇಳಿದಂತೆ ತಿರುಗಬೇಕು, ಇಳಿಯುವಾಗ ಪಾದ ಜೋಡಿಸಿ ಉರುಳಬೇಕು. ಎಲ್ಲ ತಲೆಗೆ ಹೋಗಿತ್ತು. ಹೋಗದೆ ಇದ್ದದ್ದು ಬೂಟಿನ ಮಾತೊಂದೇ.

"ಆರ್ಲೊ, ಇದರ ಕೊಕ್ಕೆಗೆ ಪ್ಯಾರಾಶೂಟಿನ ದಾರ ಸಿಕ್ಕಿಕೊಂಡ್ರೆ ಅದು ಪೂರ್ತಿ ಬಿಚ್ಚಲ್ಲ. ಒಬ್ಬನಿಗೆ ಆಗಿದ್ದನ್ನ ನಾನೇ ನೋಡಿದೀನಿ. ಒಂದು ಕಾಲು ಮೇಲೆ, ತಲೆ ಕೆಳಗೆ. ಬದುಕಿದ್ದೇ ಹೆಚ್ಚು."

"ಅವನು ಲೈನ್‌ಮನ್ ಆಗಿದ್ನಾ?"

"ಅಲ್ಲ!"

"ಮತ್ತೆ? ನಾನು ಈ ಬೂಟಲ್ಲಿ ಅರವತ್ತಡಿ ಕಂಬದ ಮೇಲೆ, ಸುತ್ತ ತಂತಿ ಇಟ್ಕೊಂಡು, ಮೂವತ್ನಾಲ್ಕು ವರ್ಷ ಕೆಲಸ ಮಾಡಿದೀನಿ. ಒಂದು ದಿನ ಒಂದು ತಂತಿ ಸಿಕ್ಕಿಕೊಂಡಿಲ್ಲ."

ಎರಡನೆಯ ಶನಿವಾರ ದನಗಾಹಿಗಳ ಚೂಪು ಮೂತಿಯ ಉದ್ದ ಬೂಟು ಬಂತು. "ಕೊಕ್ಕೆ ಇದೆಯಾ? ಇಲ್ಲ. ಮತ್ತೇನು?" ಎಂದು ಎರಡೂ ಕಾಲು ಮುಂದೆ ಚಾಚಿ ತೋರಿಸಿದ. ಲೇಸಿಲ್ಲದ ಬೂಟು ಗಾಳಿಗೆ ಕಳಚಿಕೊಂಡು ಹೋಗುತ್ತದೆ, ಕೆಳಗೆ ಯಾರದೋ ಹಂದಿ ದೊಡ್ಡಿಯ ಮೇಲೋ ತಲೆಯ ಮೇಲೋ ಬೀಳುತ್ತದೆ, ಅಟ್ಟೆ ನುಣ್ಣಗಿದೆ, ವಿಮಾನದ ಹೊರಗಿನ ಮೆಟ್ಟಿಲ ಮೇಲೆ ಜಾರುತ್ತದೆ ಎಂದು ಮಾರ್ಲಿಸ್ ಒಂದೊಂದಾಗಿ ಹೇಳಿದಳು. ಆತ ಎಲ್ಲ ಕೇಳಿ, "ಒಟ್ಟಿನಲ್ಲಿ ನಿನಗೆ ನನ್ನನ್ನ ಹಾರಿಸೋ ಮನಸ್ಸಿಲ್ಲ," ಎಂದು ಹೊರಟುಹೋದ.

ಈಗ ಮೂರನೆಯದು.

"ಮಾತಾಡೋಕೆ ಮುಂಚೆ ಬಗ್ಗಿ ನೋಡು," ಅಂದ ಆರ್ಲೊ ಹತ್ತಿರ ಬಂದು. ಕೈಯಲ್ಲಿ ಗಸಗಸೆ ಹೂರಣದ ಕೊಲಾಚೆಗಳ ಡಬ್ಬಿ. ಜಗಳಕ್ಕೆ ಬರುವಾಗಲೂ ಆತ ತಿಂಡಿ ತರುವುದು ಬಿಡುತ್ತಿರಲಿಲ್ಲ.

ಮಾರ್ಲಿಸ್ ಬಗ್ಗಿ ನೋಡಿದಳು. ಒಂದೊಂದು ಕೊಕ್ಕೆಯ ಮೇಲೂ ಕರಿಯ ಇನ್ಸುಲೇಷನ್ ಟೇಪು. ಒಂದು ಸುಕ್ಕಿಲ್ಲ, ಒಂದು ಅಂಚು ಎದ್ದಿಲ್ಲ. ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿದರೆ ಗಾಜಿನ ಮೇಲೆ ಆಡಿಸಿದ ಹಾಗೆ. ಹಿಮ್ಮಡಿಯನ್ನು ಚಮ್ಮಾರನ ಹತ್ತಿರ ಅರ್ಧಕ್ಕೆ ಇಳಿಸಿಕೊಂಡು ಬಂದಿದ್ದ ಬೇರೆ. ಆ ಕೆಲಸ ನೋಡಿ ಅವಳಿಗೆ ಇನ್ನೂ ಸಿಟ್ಟು ಬಂತು. ತಪ್ಪು ಹುಡುಕಲು ಜಾಗವೇ ಇಟ್ಟಿರಲಿಲ್ಲ.

"ಟೇಪು ಚೆನ್ನಾಗಿ ಸುತ್ತಿದಾನೆ ಕಣೇ," ಅಂದ ಲೊವೆಲ್, ಆಗಲೇ ಒಂದು ಕೊಲಾಚೆ ಬಾಯಿಗೆ ಹಾಕಿಕೊಂಡು. "ಬೇರೆ ಕ್ಲಬ್ಬುಗಳಲ್ಲಿ ಟೇಪಿದ್ರೆ ಬಿಡ್ತಾರೆ."

"ನಿನ್ನನ್ನ ಯಾರಾದ್ರೂ ಕೇಳಿದ್ರಾ?"

"ಇಲ್ಲ."

"ಹಾಗಾದ್ರೆ ತಿನ್ನು."

ಆದರೂ ಅವಳು ನ್ಯಾಯವಾಗಿಯೇ ನಡೆದುಕೊಂಡಳು. ಹ್ಯಾಂಗರಿನ ಹಿಂದೆ ನಾಲ್ಕಡಿ ಎತ್ತರದ ಒಂದು ಮರದ ಕಟ್ಟೆ, ಅದರ ಮುಂದೆ ಮರಳು ತುಂಬಿದ ಗುಂಡಿ ಇದ್ದವು. ಹೊಸಬರು ಇಳಿಯುವುದನ್ನು ಅಭ್ಯಾಸ ಮಾಡುವ ಜಾಗ. "ಅಲ್ಲಿಂದ ಐದು ಸಲ ಹಾರಿ. ಪಾದ ಜೋಡಿಸಿ, ಮೊಣಕಾಲು ಸಡಿಲ ಬಿಟ್ಟು, ಕಣ್ಣು ದೂರಕ್ಕೆ. ಸರಿಯಾಗಿ ಆದ್ರೆ ನೋಡೋಣ."

ಆರ್ಲೊ ಕಟ್ಟೆ ಹತ್ತಿದ. ಹಾರಿದ. ಬಿದ್ದ. ಉರುಳುವುದೇನೋ ಉರುಳಿದ, ಆದರೆ ಪಾದಗಳು ಒಂದು ಗೇಣು ದೂರದಲ್ಲಿದ್ದವು, ಕಣ್ಣು ಪಾದದ ಮೇಲಿತ್ತು.

"ಕೆಳಗೆ ನೋಡಬೇಡಿ!"

ಎರಡನೆಯ ಸಲವೂ ಕೆಳಗೇ ನೋಡಿದ. ಮೂರನೆಯ ಸಲ ಅವಳು ಅಷ್ಟು ಕಿರುಚಿದ ಮೇಲೆ ದೂರ ನೋಡಿದ. ಆಗ ಒಂದು ಪಾದ ಮೊದಲು, ಇನ್ನೊಂದು ಆಮೇಲೆ ತಗುಲಿ, ಮರದ ಕೊರಡಿನ ಹಾಗೆ ಪಕ್ಕಕ್ಕೆ ಬಿದ್ದ.

"ಆ ಬೂಟು ನಿಮ್ಮ ಕಣಕಾಲನ್ನ ಸಿಮೆಂಟ್ ಹಾಕಿದ ಹಾಗೆ ಹಿಡ್ಕೊಂಡಿದೆ. ನೆಲ ಗೊತ್ತಾಗ್ತಿಲ್ಲ ನಿಮಗೆ," ಅಂದಳು ಮಾರ್ಲಿಸ್. "ಬಿಚ್ಚಿ. ಪೆಟ್ಟಿಗೇಲಿ ಕ್ಯಾನ್ವಾಸ್ ಶೂ ಇದೆ, ನಿಮ್ಮ ಅಳತೇದು. ಹಾಕ್ಕೊಳ್ಳಿ."

"ಬಿಚ್ಚಲ್ಲ."

"ಯಾಕೆ?"

"ಬಿಚ್ಚಲ್ಲ ಅಂದ್ರೆ ಬಿಚ್ಚಲ್ಲ. ನನ್ನ ಕಾಲು, ನನ್ನ ಬೂಟು."

"ವಿಮಾನ ನಂದು!"

"ವಿಮಾನ ಬ್ಯಾಂಕಿಂದು ಅಂತ ಇವನು ಹೇಳ್ತಿದ್ದ."

ಲೊವೆಲ್ ಕೆಮ್ಮಿದ. ಮಾರ್ಲಿಸ್ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದಳು. ಅಷ್ಟು ಸಾಲದೆ ಇಪ್ಪತ್ತರವರೆಗೆ ಎಣಿಸಿದಳು. ಆಮೇಲೆ ತುಂಬ ಮೆಲ್ಲಗೆ ಹೇಳಿದಳು: "ಆರ್ಲೊ. ಶೂ ಹಾಕ್ಕೊಂಡ್ರೆ ಇವತ್ತು ಸಂಜೆ ನಾಲ್ಕಕ್ಕೆ ಹಾರಬಹುದು. ಇಲ್ಲದಿದ್ರೆ ಮನೆಗೆ ಹೋಗಿ, ಇನ್ನು ಬರಬೇಡಿ. ನನ್ನ ಕೈಲಾಗಲ್ಲ."

ಆತ ಅವಳನ್ನು ನೋಡಿದ, ಆಕಾಶ ನೋಡಿದ. ಒಂದು ಮೋಡವಿರಲಿಲ್ಲ. ಶೂಗಳನ್ನು ಕಿತ್ತುಕೊಳ್ಳುವ ಹಾಗೆ ತೆಗೆದುಕೊಂಡು ಬಚ್ಚಲುಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿದ.

ಶೂ ಬದಲಾಯಿಸಲು ಕಾಲು ಗಂಟೆ. ಮಾರ್ಲಿಸ್ ಎರಡು ಸಲ ಬಾಗಿಲು ಬಡಿದಳು. "ಬರ್ತೀನಿ!" ಎಂದು ಒಳಗಿನಿಂದ ಗದರಿಕೆ. ಕೊನೆಗೆ ಬಂದಾಗ ಆತ ಮೊಣಕಾಲುದ್ದ ನೀರಿನಲ್ಲಿ ನಡೆಯುವವನ ಹಾಗೆ ಪಾದ ಎತ್ತಿ ಎತ್ತಿ ಇಡುತ್ತಿದ್ದ. ಬೇಕೆಂದೇ ನಾಟಕ ಮಾಡುತ್ತಿದ್ದಾನೆಂದು ಅವಳಿಗೆ ಉರಿಯಿತು.

"ಹೆಂಗಿದೆ?"

"ಕಾಲೇ ಇಲ್ಲದ ಹಾಗಿದೆ."

"ಹಗುರ ಅಂತ. ಅದೇ ಬೇಕಾಗಿರೋದು. ನಡೀರಿ."

ಕಟ್ಟೆಯ ಕಡೆಗೆ ಜಲ್ಲಿ ದಾರಿಯಲ್ಲಿ ಹೋಗುವ ಬದಲು ಆತ ಹಟಕ್ಕೆ ವಿಮಾನದ ಓಡುಪಟ್ಟಿಯ ಅಂಚಿನ ಕಳೆಯ ನಡುವೆ ಸುತ್ತಿಕೊಂಡು ಹೋದ. ಕಟ್ಟೆಯಿಂದ ನಾಲ್ಕು ಸಲ ಹಾರಿದ. ನಾಲ್ಕು ಸಲವೂ ಮೊದಲಿಗಿಂತ ಕೆಟ್ಟದಾಗಿ. ಕೊನೆಗೆ ಮಾರ್ಲಿಸ್ ಸಾಕು ಎಂದು ಕೈಬೀಸಿ, ಒಳಗೆ ಬಂದು ನೀರು ಕುಡಿಯಲು ಹೇಳಿದಳು.

ಹ್ಯಾಂಗರಿನ ಸಿಮೆಂಟ್ ನೆಲದ ಮೇಲೆ ಅವನ ಹೆಜ್ಜೆ ಟಿಕ್, ಟಿಕ್ ಎಂದು ಸದ್ದು ಮಾಡಿತು. ಎಡಗಾಲು ಮಾತ್ರ.

"ನಿಲ್ಲಿ," ಅಂದಳು. "ಅದೇನದು? ಕಾಲೆತ್ತಿ."

ಆತ ಕುರ್ಚಿಯ ಮೇಲೆ ಕೂತು ಕಾಲೆತ್ತಿದ. ಶೂವಿನ ತೆಳು ಅಟ್ಟೆಯ ತುಂಬ ನೆಗ್ಗಿಲು ಮುಳ್ಳು. ಆ ಬಯಲಿನಲ್ಲಿ ಸೈಕಲ್ಲಿನ ಟೈರನ್ನೂ ಬಿಡದ ಮುಳ್ಳು. ಏಳೆಂಟು ಮುಳ್ಳುಗಳು ಬುಡದವರೆಗೆ ಹೊಕ್ಕಿದ್ದವು, ಹಿಮ್ಮಡಿಯ ಹತ್ತಿರದ ದೊಡ್ಡದೊಂದರ ಸುತ್ತ ಅಟ್ಟೆ ಕೆಂಪಾಗಿತ್ತು.

"ಅಯ್ಯೋ ದೇವರೇ, ಇದನ್ನ ತುಳ್ಕೊಂಡು ನಾಲ್ಕು ಸಲ ಹಾರಿದ್ರಾ? ಹೇಳಬಾರದಾ?"

ಆರ್ಲೊ ತನ್ನ ಪಾದವನ್ನು ಬೇರೆ ಯಾರದೋ ಪಾದವೆಂಬಂತೆ ನೋಡುತ್ತಿದ್ದ. ಮಾರ್ಲಿಸ್ ಶೂ ಬಿಚ್ಚಿದಳು, ಕಾಲುಚೀಲ ಎಳೆದಳು. ಚೀಲದ ಹಿಮ್ಮಡಿ ಒದ್ದೆ. ಮುಳ್ಳು ಹೊಕ್ಕ ಜಾಗಕ್ಕೆ ಬೆರಳಿಟ್ಟು ಒತ್ತಿದಳು. ಆತ ಮುಖ ಕಿವುಚಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದಳು.

"ನೋವಾಗ್ತಿದೆಯಾ?"

"ಎಲ್ಲಿ?" ಅಂದ ಆರ್ಲೊ.

ಲೊವೆಲ್ ಕೊಲಾಚೆಯನ್ನು ಡಬ್ಬಿಗೆ ವಾಪಸು ಇಟ್ಟು ಹತ್ತಿರ ಬಂದ.

"ಯಾವಾಗಿಂದ?" ಮಾರ್ಲಿಸ್ ಕೇಳಿದಳು.

"ಎರಡು ವರ್ಷ ಆಗಿರಬೇಕು. ಸಕ್ಕರೆ ಕಾಯಿಲೆಗೆ ಮರಗಟ್ಟೋದು ಬೆರಳಿಂದ ಶುರುವಾಯ್ತು. ಈಗ ಎರಡೂ ಕಾಲು, ಕಣಕಾಲಿನವರೆಗೆ." ಆತ ಗೋಡೆ ನೋಡುತ್ತಾ ಹೇಳಿದ, ಬೇಸರದಿಂದ, ಯಾವುದೋ ಹಳೆಯ ಯಂತ್ರದ ರಿಪೇರಿ ವಿಷಯ ಹೇಳುವ ಹಾಗೆ. "ಆ ಬೂಟು ಮೀನಖಂಡದವರೆಗೆ ಬಿಗಿಯಾಗಿರ್ತದಲ್ಲ, ಅಲ್ಲಿ ಒತ್ತಿದಾಗ ಕಾಲು ಎಲ್ಲಿದೆ ಅಂತ ಗೊತ್ತಾಗ್ತದೆ. ಇಂಥ ಶೂಲಿ ಏನೂ ಗೊತ್ತಾಗಲ್ಲ. ಅದಕ್ಕೇ ಅಂದಿದ್ದು ಬಿಚ್ಚಲ್ಲ ಅಂತ. ನನಗೇನು ಹಟವಾ?"

"ಹಟವಲ್ಲದೆ ಮತ್ತೇನು!" ಅವಳ ದನಿ ಹ್ಯಾಂಗರಿನ ತಗಡಿಗೆ ಬಡಿದು ವಾಪಸು ಬಂತು. "ಮೂರು ವಾರ! ಮೂರು ವಾರದಿಂದ ನಾನು ಕೊಕ್ಕೆ, ಲೇಸು, ಅಟ್ಟೆ ಅಂತ ಬಾಯಿ ಬಡ್ಕೊಳ್ತಿದೀನಿ. ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ಏನಾಗ್ತಿತ್ತು ಅಂದ್ರೆ, ಏಣಿ ತಗೊಂಡೋದ ಹಾಗೆ ಗಾಡಿನೂ ತಗೊಂಡು ಹೋಗ್ತಿದ್ರಿ."

ಅವಳಿಗೆ ಆಗ ಹೊಳೆಯಿತು. ಗಾಳಿಚೀಲದ ಕಂಬಕ್ಕೆ ತಾಗುವಷ್ಟು ಹತ್ತಿರ ಗಕ್ಕನೆ ನಿಂತ ಪಿಕಪ್. ಬ್ರೇಕಿನ ಮೇಲಿದ್ದದ್ದೂ ಇಂಥದೇ ಕಾಲು. ಹನ್ನೊಂದು ಮೈಲಿ, ಎರಡು ಕಡೆ ರೈಲು ಹಳಿ ದಾಟಿಕೊಂಡು. ಕೈಚಾಚಿ ಅಂಗೈ ಬಿಡಿಸಿದಳು.

"ಬೀಗದಕೈ."

"ಕೊಡಲ್ಲ."

"ಅಪ್ಪ," ಅಂದ ಲೊವೆಲ್. ಅವನ ಮುಖ ಕೆಂಪಾಗಿತ್ತು. "ಎರಡು ವರ್ಷ, ನೀನು ಮಾತು ಬಿಟ್ಟಿದ್ದ ಎರಡು ತಿಂಗಳು ಬಿಟ್ರೆ, ದಿನಾ ಫೋನ್ ಮಾಡಿದೀನಿ ನಿನಗೆ. ಹೆಂಗಿದೀಯ ಅಂತ ಕೇಳಿದೀನಿ. ದಿನಾ ಮಳೆ ಬಗ್ಗೆ, ಜೋಳದ ಬಗ್ಗೆ ಹೇಳಿದೀಯ. ಇದನ್ನ ಹೇಳಲಿಲ್ಲ."

"ನೀನು ಕಾಲು ಹೆಂಗಿದೆ ಅಂತ ಕೇಳಲಿಲ್ಲವಲ್ಲ."

ಲೊವೆಲ್ ತಿರುಗಿ ಹೋಗಿ ವಿಮಾನದ ಎಂಜಿನ್ನಿನ ಮುಚ್ಚಳವನ್ನು ಇಡೀ ಹ್ಯಾಂಗರು ಅದುರುವಂತೆ ಬಡಿದು ಹಾಕಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಏನನ್ನಾದರೂ ಬಡಿದದ್ದನ್ನು ಮಾರ್ಲಿಸ್ ಅಂದೇ ಮೊದಲು ಕಂಡದ್ದು. ಆರ್ಲೊ ಕೂಡ ಬೆಚ್ಚಿದ. ಆಮೇಲೆ ಜೇಬಿಗೆ ಕೈಹಾಕಿ ಬೀಗದಕೈ ತೆಗೆದ, ಆದರೆ ಸೊಸೆಯ ಅಂಗೈಯ ಮೇಲೆ ಹಿಡಿದು ಬಿಡದೆ ನಿಲ್ಲಿಸಿದ.

"ಹಾರೋದು?"

"ಒಬ್ಬರೇ ಹಾರೋ ಹಾಗಿಲ್ಲ. ಇನ್ಯಾವತ್ತೂ ಇಲ್ಲ. ಕಾಲಿನ ಡಾಕ್ಟರು ಒಪ್ಪಿ ಬರೆದುಕೊಟ್ರೆ ನನ್ನ ಜೊತೆ, ನನ್ನ ಎದೆಗೆ ಪಟ್ಟಿ ಕಟ್ಕೊಂಡು. ಇಳಿಯುವಾಗ ಕಾಲು ಮೇಲೆತ್ತಿ ಕೂತ್ಕೊಂಡು ಜಾರೋದು. ಅಷ್ಟೆ."

"ಮಗು ಎತ್ತಿಕೊಂಡ ಹಾಗೆ."

"ಹೂಂ. ಮಗು ಎತ್ತಿಕೊಂಡ ಹಾಗೆ."

ಆತ ಬೀಗದಕೈ ಬಿಟ್ಟ.

ಗಾಯ ಮಾಯಲು ಒಂದು ತಿಂಗಳು ಹಿಡಿಯಿತು. ಕಾಲಿನ ಡಾಕ್ಟರು ಇನ್ನು ಬರಿಗಾಲಲ್ಲಿ ಬಚ್ಚಲಿಗೂ ಹೋಗಬಾರದು, ತಾವು ಬರೆದುಕೊಟ್ಟ ಶೂ ಬಿಟ್ಟು ಬೇರೆ ಹಾಕಬಾರದು ಎಂದರು. ಮುಂದಿನ ಭಾಗ ಅಗಲ, ಒಳಗೆ ಹೊಲಿಗೆ ತಾಗದ ಮೆತ್ತೆ, ಮೇಲೆ ಲೇಸಿನ ಬದಲು ಅಂಟುಪಟ್ಟಿ. ಅಂಟುಪಟ್ಟಿ! ಮಾರ್ಲಿಸ್‌ಗೆ ಅದನ್ನು ಕೈಯಲ್ಲಿ ಹಿಡಿದು ಕಿಟಕಿಯಿಂದ ಆಚೆ ಎಸೆಯಬೇಕೆನ್ನಿಸಿತು. ಗಾಳಿಗೆ ಅದು ಪರ್ರನೆ ಬಿಚ್ಚಿಕೊಳ್ಳುತ್ತದೆ. ಆಸ್ಪತ್ರೆಗೆ ಫೋನ್ ಮಾಡಿ ಇದೇ ಶೂ ಲೇಸು ಇರುವಂಥದ್ದು ಸಿಗುತ್ತದೆಯೇ ಎಂದು ಕೇಳಿದಳು.

"ಲೇಸು ಕಟ್ಟೋಕೆ ವಯಸ್ಸಾದವರಿಗೆ ಬಗ್ಗೋಕಾಗಲ್ಲವಲ್ಲ, ಅಂಟುಪಟ್ಟಿನೇ ಒಳ್ಳೇದಮ್ಮ," ಎಂದಳು ನರ್ಸು.

"ನಾನು ಕಟ್ತೀನಿ. ಲೇಸೇ ಬೇಕು. ಅಂಟುಪಟ್ಟಿ ಹಾರಾಡೋವಾಗ ಬಿಚ್ಚಿಹೋಗತ್ತೆ."

"ಎಲ್ಲಿ ಹಾರಾಡೋವಾಗ?"

"ವಿಮಾನದಿಂದ ಹಾರೋವಾಗ."

"ರೋಗಿಯ ಹುಟ್ಟಿದ ವರ್ಷ ಇನ್ನೊಂದು ಸಲ ಹೇಳ್ತೀರಾ?"

ಮೂರು ದಿನ, ಐದು ಫೋನು, ಡಾಕ್ಟರ ಹತ್ತಿರ ಖುದ್ದಾಗಿ ಒಂದು ಭೇಟಿ. ಡಾಕ್ಟರು ತಮಾಷೆಯ ಮನುಷ್ಯ. ಕಾಲಿನ ಮೇಲೆ ಇಳಿಯುವುದಿಲ್ಲವೆಂದು ಸೊಸೆಯಿಂದ ಮೂರು ಸಲ ಮಾತು ತೆಗೆದುಕೊಂಡು ಸಹಿ ಹಾಕಿದರು. ಕೊನೆಗೆ ಲೇಸಿನ ಶೂ ಬಂತು: ಮಣ್ಣಿನ ಬಣ್ಣ, ಚಪ್ಪಟೆ ಅಟ್ಟೆ, ಬ್ರೆಡ್ಡಿನಂತೆ ಉಬ್ಬಿದ ಮೂತಿ. ಕೊಕ್ಕೆ ಇಲ್ಲ, ಕಬ್ಬಿಣದ ಚೂರಿಲ್ಲ. ಇಷ್ಟು ವರ್ಷ ಹೊಸಬರಿಗೆ ಹೇಳಿಕೊಂಡು ಬಂದ ಒಂದೊಂದು ಗುಣವೂ ಅದರಲ್ಲಿತ್ತು, ಚೆಂದ ಒಂದನ್ನು ಬಿಟ್ಟು.

"ಕಾನ್ವೆಂಟಿನ ಸಿಸ್ಟರುಗಳು ಹಾಕೋ ಶೂ ಇದು," ಅಂದ ಆರ್ಲೊ.

"ಅವರು ಯಾರೂ ಬಿದ್ದಿದ್ದನ್ನ ನಾನು ಕಂಡಿಲ್ಲ. ಕಾಲು ಕೊಡಿ."

ಅಕ್ಟೋಬರಿನ ಎರಡನೆಯ ಶನಿವಾರ, ಜೋಳದ ಕಟಾವು ಅರ್ಧ ಮುಗಿದು ಹೊಲಗಳು ತೇಪೆ ಹಾಕಿದ ಹಾಗೆ ಕಾಣುವ ದಿನ, ಅವಳು ಹ್ಯಾಂಗರಿನ ನೆಲದ ಮೇಲೆ ಕೂತು ಮಾವನ ಶೂಗೆ ಲೇಸು ಕಟ್ಟಿದಳು. ಎರಡು ಗಂಟು ಹಾಕಿ, ತುದಿಗಳನ್ನು ಒಳಗೆ ತುರುಕಿ, ರಕ್ತ ನಿಲ್ಲುವಷ್ಟು ಬಿಗಿಯಾಗದ ಹಾಗೆ ಕಣಕಾಲಿನ ಹತ್ತಿರ ಬೆರಳು ತೂರಿಸಿ ನೋಡಿದಳು.

"ಬಿಗಿ ಆಯ್ತು," ಅಂದ ಆರ್ಲೊ.

"ನಿಮಗೆ ಹೆಂಗೆ ಗೊತ್ತು?"

"ನಿನ್ನ ಮುಖ ನೋಡಿದ್ರೆ ಗೊತ್ತಾಗ್ತದೆ."

ಲೊವೆಲ್ ಅಂದು ಹತ್ತು ಸಾವಿರ ಅಡಿಗೆ ಒಯ್ದ. ಬಾಗಿಲು ತೆರೆದಾಗ ಆರ್ಲೊ ಕಣ್ಣು ಕಿರಿದು ಮಾಡಿ ಕೆಳಗಿನ ಹೊಲಗಳನ್ನು ನೋಡಿದ. ಅವನ ಬೆನ್ನನ್ನು ತನ್ನ ಎದೆಗೆ ಬಿಗಿದುಕೊಂಡಿದ್ದ ಮಾರ್ಲಿಸ್ ಹಾರಿದಳು. ಪ್ಯಾರಾಶೂಟು ಬಿಚ್ಚಿ, ಗಾಳಿಯ ಅಬ್ಬರ ನಿಂತು, ಇಬ್ಬರೂ ತೇಲತೊಡಗಿದಾಗ ಅವಳು ಕೇಳಿದಳು: "ಆರ್ಲೊ? ಸರಿ ಇದೀರಾ?"

"ಅದು ನನ್ನ ಲೈನು," ಅಂದ. ಕೈ ಚಾಚಿ ತೋರಿಸಿದ. ಕೆಳಗೆ ರಸ್ತೆಯ ಪಕ್ಕ ಬೆಂಕಿಕಡ್ಡಿ ನೆಟ್ಟ ಹಾಗೆ ಕಂಬಗಳು, ಕಣ್ಣು ಹೋಗುವಷ್ಟು ದೂರ. "ಆ ತೊರೆಯಿಂದ ಈ ಕಡೆ ಧಾನ್ಯದ ಕಣಜದವರೆಗೆ. ಒಂದೊಂದು ಕಂಬಾನೂ. ಮಂಜುಮಳೆಗೆ ಎಲ್ಲ ಬಿದ್ದೋದಾಗ ಹತ್ತೊಂಬತ್ತು ದಿನದಲ್ಲಿ ಎಳೆದ್ವಿ." ಅವನ ದನಿ ಬೇರೆಯಾಗಿತ್ತು. ಅಷ್ಟರಲ್ಲಿ ಆತ ಮುಂದಕ್ಕೆ ಬಗ್ಗಿದ. "ಥೂ! ಒಂದು ಕಂಬ ವಾಲಿದೆ. ಅಲ್ಲಿ, ತಿರುವಿನ ಹತ್ರ. ಯಾರೂ ನೋಡಿಲ್ವಾ? ಸ್ವಲ್ಪ ಆ ಕಡೆ ತಿರುಗಿಸು, ಹತ್ತಿರದಿಂದ ನೋಡೋಣ."

"ಪ್ಯಾರಾಶೂಟಲ್ಲಿ? ಕರೆಂಟ್ ತಂತಿ ಹತ್ರ?"

"ಹತ್ತಿರ ಅಂದ್ರೆ ತೀರಾ ಹತ್ತಿರ ಅಲ್ಲ. ಒಂದು ಇನ್ನೂರಡಿ."

"ಆರ್ಲೊ, ನಾನು ಇಪ್ಪತ್ತು ವರ್ಷದಿಂದ ಜನಕ್ಕೆ ಹೇಳ್ತಿರೋದೇ ತಂತಿ ಕಂಡ್ರೆ ದೂರ ಹೋಗಿ ಅಂತ!"

"ಅವರಿಗೆ ತಂತಿ ಗೊತ್ತಿಲ್ಲ. ನನಗೆ ಗೊತ್ತು."

ಅವಳು ಮೈದಾನದ ಕಡೆಗೆ ತಿರುಗಿಸಿದಳು. ನೆಲ ಹತ್ತಿರ ಬರುತ್ತಿದ್ದಂತೆ ಕಾಲೆತ್ತಲು ಕೂಗಿದಳು. ಮೊಣಕಾಲಿನ ಪಟ್ಟಿಗಳನ್ನು ಎರಡೂ ಕೈಯಲ್ಲಿ ಎಳೆದು, ಪಾದ ಎಲ್ಲಿದೆಯೆಂದು ಕಣ್ಣಲ್ಲೇ ನೋಡುತ್ತಾ, ಆತ ಹೇಳಿದ ಹಾಗೇ ಎತ್ತಿ ಹಿಡಿದ. ಹುಲ್ಲಿನ ಮೇಲೆ ಇಬ್ಬರೂ ಕೂತುಕೊಂಡು ಹತ್ತಡಿ ಜಾರಿ ನಿಂತರು. ಎಡ ಶೂ ಒಮ್ಮೆ ನೆಲಕ್ಕೆ ಸವರಿತ್ತು. ಇಬ್ಬರ ತಲೆಯ ಮೇಲೂ ಪ್ಯಾರಾಶೂಟಿನ ಬಟ್ಟೆ ಬಂದು ಕವಿದುಕೊಂಡಿತು.

"ಇಳಿದ್ವಾ?" ಒಳಗಿನಿಂದ ಕೇಳಿದ ಆರ್ಲೊ.

"ಇಳಿದ್ವಿ."

"ಹೂಂ. ಕೂತ ಮೇಲೆ ಅನುಮಾನ ಬಂತು."

ಮಾರ್ಲಿಸ್ ಮೊದಲು ಶೂಗಳನ್ನು ಬಿಚ್ಚಿ ಎರಡೂ ಪಾದ ತಿರುಗಿಸಿ ನೋಡಿದಳು. ಒಂದು ಗೀರೂ ಇರಲಿಲ್ಲ. ಲೊವೆಲ್ ವಿಮಾನ ಇಳಿಸಿ ಓಡಿ ಬಂದು ಅಪ್ಪನ ಹೆಗಲು ಹಿಡಿದು ಅಲುಗಾಡಿಸಿದ. ಅಪ್ಪ, "ನಿನ್ನ ಫೋನ್ ಕೊಡು, ಸಂಘಕ್ಕೆ ಹೇಳಬೇಕು, ಕಂಬ ವಾಲಿದೆ," ಅಂದ.

ವಿದ್ಯುತ್ ಸಂಘದ ಕಚೇರಿಗೆ ಶನಿವಾರ ರಜೆ. ಅಲ್ಲಿಂದ ಮನೆಯವರೆಗಿನ ಹನ್ನೊಂದು ಮೈಲಿ, ಪಿಕಪ್ಪನ್ನು ಮಾರ್ಲಿಸ್ ಓಡಿಸುತ್ತಿದ್ದರೆ ಪಕ್ಕದಲ್ಲಿ ಕೂತು ಆತ ಅವಳ ಗೇರು ಸರಿಯಿಲ್ಲ, ಕ್ಲಚ್ಚು ಸರಿಯಿಲ್ಲ, ತಿರುವಿನ ಹತ್ತಿರ ನಿಲ್ಲಿಸು, ಬರಿಯ ಒಂದು ನಿಮಿಷ ಎಂದು ಬಾಯಿಗೆ ಬಿಡುವು ಕೊಡಲಿಲ್ಲ.

"ನಿಲ್ಲಿಸಲ್ಲ," ಅಂದಳು. "ಮನೆಗೆ ಹೋಗಿ ಫೋನ್ ಮಾಡಿ."

"ಇವತ್ತು ರಜೆ ಅಲ್ಲವಾ."

"ಸೋಮವಾರ ಮಾಡಿ."

"ಅಷ್ಟರಲ್ಲಿ ಗಾಳಿ ಬಂದ್ರೆ? ಆ ಕಡೆ ಆರು ಮನೆ ಇವೆ. ಒಂದರಲ್ಲಿ ಹಸುಗೂಸಿದೆ."

ಮಾರ್ಲಿಸ್ ತಿರುವು ದಾಟಿದಳು. ಕಾಲು ಮೈಲಿ ಮುಂದೆ ಹೋದಳು. ಆಮೇಲೆ ಬಾಯಲ್ಲಿ ಏನನ್ನೋ ಗೊಣಗುತ್ತಾ, ಖಾಲಿ ರಸ್ತೆಯಲ್ಲಿ ಗಾಡಿಯನ್ನು ಹಿಂದಕ್ಕೆ ಬಿಡತೊಡಗಿದಳು.

"ನಿಧಾನ," ಅಂದ ಆರ್ಲೊ. "ಕಂಬಕ್ಕೆ ಗುದ್ದೀಯ."